ಚಪ್ಪಲಿ ಬಿಡಿಸುತ್ತಿದ್ದ ಮಾಸ್ತರು

ಎಂಥ ಬಿಸಿಲಿನಲ್ಲೂ ಮಾಸ್ತರು ಅಂಗಿಯ ಕೊರಳ ಗುಂಡಿ ಬಿಚ್ಚುತ್ತಿರಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನ ಅಂಚು ಕಂದುಬಣ್ಣಕ್ಕೆ ತಿರುಗಿತ್ತು. "ಬಿಚ್ರಿ ಸರ, ಗಾಳಿ ಆಡಲಿ" ಎಂದರೆ, "ಅಂಗಿ ಇಲ್ದs ಭಾಳ ವರ್ಷ ಗಾಳಿ ಕುಡದೀನಿ" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೇವದುರ್ಗದ ಶಾಲೆಗೆ ಸೇರಿದಾಗ ಅವರು ಅಲ್ಲಿ ಹಿರಿಯರು. ನಾನು ಮಾನ್ವಿಯ ಗುಡಿಪೂಜೆಯ ಮನೆತನದವನು. ಅವರು ಕೃಷ್ಣೆಯ ದಡದ ಹಳೆಯ ರೇವುಪಟ್ಟಣದಲ್ಲಿ ಮೂಟೆ ಹೊರುವವರ ಕೇರಿಯವರು. ಭಾನುವಾರ ರಾಯಚೂರಿನಿಂದ ಆ ಊರು ನೋಡಲು ಬರುವವರಿಗೆ ಅವರೇ ಎಲ್ಲ ತೋರಿಸುತ್ತಿದ್ದರು. ನಾನೂ ಜೊತೆಗಿರುತ್ತಿದ್ದೆ.

ಅಗಸಿಬಾಗಿಲು, ಉಗ್ರಾಣಗಳನ್ನು ಬೇಗ ಮುಗಿಸಿ, ರೇವಿನ ಮೆಟ್ಟಿಲ ಬಳಿ ಎಲ್ಲರ ಚಪ್ಪಲಿ ಬಿಡಿಸುತ್ತಿದ್ದರು. "ದೇವರಿಗಲ್ರಿ. ಕಲ್ಲು ಎಲ್ಲಿ ಸವದದ, ಅಂಗಾಲಿಗೆ ತಿಳೀಲಿ." ಕೆಳಗಿನ ಮೂರು ಮೆಟ್ಟಿಲು ಮಾತ್ರ ನಡುವೆ ತಗ್ಗಾಗಿದ್ದವು. ಹರಗೋಲಿನಲ್ಲಿ ಬಂದ ದೊಡ್ಡ ಮನೆಯವರ ಕಾಲಿಗೆ ಕೆಸರು ಹತ್ತದಂತೆ ಕೇರಿಯವರು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಹೊತ್ತವರು ಮೂರನೇ ಮೆಟ್ಟಿಲು ದಾಟುವಂತಿರಲಿಲ್ಲ. "ಹೊರೂ ಮುಂದ ಇಲ್ಲದ ಮೈಲಿಗಿ ನಾಕನೇ ಮೆಟ್ಟಲಕ್ಕ ಹೆಂಗ ಬರ್ತದರಿ?" ಎಂದು ಬಂದವರನ್ನೇ ಕೇಳುತ್ತಿದ್ದರು.

ಒಂದು ಭಾನುವಾರ ಊರ ಗೌಡರು ನಾಲ್ಕು ಜನರೊಂದಿಗೆ ಮೇಲಿನ ಮೆಟ್ಟಿಲಲ್ಲಿ ಬಂದು ನಿಂತರು.

"ಏನಲೇ ಮಾಸ್ತರಾ, ಮಂದಿ ಮುಂದ ಊರ ಮಾನ ಕಳೀತೀ? ಯಾರನ್ನ ಯಾರು ಹೊತ್ತಿದ್ರಲೇ?"

"ನಿಮ್ಮ ಅಪ್ಪಾರನ್ನ ನಾನs ಹೊತ್ತೀನ್ರಿ. ಭಾಳ ತೂಕ ಇದ್ರು."

ಬಂದವರಲ್ಲಿ ಯಾರೋ ನಕ್ಕರು. ಗೌಡರು ಕೋಲನ್ನು ನನ್ನತ್ತ ಚಾಚಿದರು.

"ಇವ್ರು ಗುಡಿ ಮನಿತನದವರು. ಇವ್ರ ಹಿರ್ಯಾರೂ ಈ ರೇವು ದಾಟ್ಯಾರ. ಹೇಳ್ರಿ, ಹೊತ್ತಿದ್ರೇನು? ಹೌದಂದ್ರ ಇವ ದಿನಾ ಹೇಳಲಿ. ಇಲ್ಲಂದ್ರ ಇವತ್ತಿಗೆ ಬಂದ್."

ಈ ರೇವು ದಾಟಿದ್ದರ ಬಗ್ಗೆ ನನ್ನ ಅಜ್ಜ ಹೇಳಿದ್ದು ನೆನಪಿತ್ತು: "ಕಾಲಿಗೆ ಕೆಸರು ಹತ್ತಲಿಲ್ಲ ನೋಡಪಾ. ಮ್ಯಾಲ ಬಂದು ಎರಡು ತಂಬಗಿ ನೀರು ಸುರಕೊಂಡ್ರ ಆತು." ಪ್ರತಿ ಶಬ್ದ ನೆನಪಿತ್ತು. ಗೌಡರ ಜೊತೆಗಿದ್ದವರು ಒಂದು ಮೆಟ್ಟಿಲು ಕೆಳಗಿಳಿದರು.

"ನನಗ ಗೊತ್ತಿಲ್ರಿ" ಎಂದೆ.

ಬಂದವರು ಚಪ್ಪಲಿ ಮೆಟ್ಟಿಕೊಂಡರು. ಮಾಸ್ತರು ನನ್ನತ್ತ ನೋಡಲಿಲ್ಲ.

ಸೋಮವಾರ ಶಾಲೆಯಲ್ಲಿ ಅವರೇ ಬಂದು ನಿಂತರು. "'ಹೊತ್ತಿಲ್ಲ' ಅಂತ ನೆಟ್ಟಗ ಸುಳ್ಳು ಹೇಳಬೇಕಿತ್ತು. ಅದಕ್ಕ ನಾ ಜವಾಬ ಕೊಡ್ತಿದ್ದೆ. 'ಗೊತ್ತಿಲ್ಲ' ಅನ್ನೂದಕ್ಕ ಏನ್ ಹೇಳ್ಲಿ?" ಆಮೇಲೆ ಗಂಟೆ, ಹಾಜರಿ ಬಿಟ್ಟು ನನ್ನೊಂದಿಗೆ ಬೇರೆ ಮಾತಾಡಲಿಲ್ಲ. ಅವರು ಮತ್ತೆ ರೇವಿನಲ್ಲಿ ನಿಲ್ಲಲೂ ಇಲ್ಲ. ಬಂದವರಿಗೆ ಗೌಡರ ಅಳಿಯ ರಾಜರ ಕಥೆ ಹೇಳತೊಡಗಿದ.

ಕೆಲವು ವರ್ಷಗಳ ನಂತರ ಮಾಸ್ತರು ರಾಯಚೂರಿನ ದವಾಖಾನೆಯಲ್ಲಿ ತೀರಿಕೊಂಡರು. ನಾನು ಕೇರಿಗೆ ಹೋಗಿ, ಹೊಸ್ತಿಲಲ್ಲಿ ಕುಳಿತಿದ್ದ ಅವರ ಹೆಂಡತಿಗೆ ಅಜ್ಜನ ಮಾತನ್ನು ಒಂದು ಶಬ್ದವೂ ಬಿಡದೆ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದರು.

"ಇದನ್ನ ನಮಗ್ಯಾಕ ಹೇಳ್ತೀರಿ ಯಪ್ಪಾ? ನಮಗ ಗೊತ್ತಿದ್ದದ್ದs. ಗೌಡ್ರ ಕಟ್ಟಿ ಮುಂದ ನಿಂತು ಹೇಳ್ರಿ."

ಗೌಡರ ಮನೆ ಅಲ್ಲಿಂದ ಮೂರು ಓಣಿ ಆಚೆ. ನಾನು ಮಾನ್ವಿಯ ಬಸ್ಸು ಹತ್ತಿದೆ.