ಎಲ್ಲಾ ಸರಿ ಮಿಸ್

ನಮ್ಮ ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರ ಮುಂದೆ ನಾನು ಈಗ ಭಾಷಣ ಮಾಡುವುದಿಲ್ಲ. ಹಾಗಲವಾಡಿ ಕಡೆಯ ಈ ಸರ್ಕಾರಿ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದ ವರ್ಷ ಮಾಡಿದ್ದೆ. ನರ್ಸರಿ ಕೋಣೆಯ ಹೊಸ ಬಣ್ಣ, ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರ, ಆಟದ ಸಾಮಾನು ಎಲ್ಲವನ್ನೂ ಹೊಗಳಿದ ಮೇಲೆ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುವ ತಾಯಿಯೊಬ್ಬಳು ಕೇಳಿದಳು: "ಎಲ್ಲಾ ಸರಿ ಮಿಸ್, ನಿಮ್ ಮಗು ಎಲ್ಲಿ ಓದ್ತದೆ?"

ನನ್ನ ಮಗಳು ಗುಬ್ಬಿಯ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ನಿಜ ಹೇಳಿದೆ. ಆಕೆ ಖಾಲಿ ಅರ್ಜಿಯನ್ನು ಮೇಜಿನ ಮೇಲಿಟ್ಟು ಹೋದಳು. ನನಗೆ ಸಿಟ್ಟು ಬಂತು, ಆದರೆ ಆಕೆಯ ಮೇಲಲ್ಲ.

ಮರುವರ್ಷ ನಾನು ತುಂಬಿದ ಮೊದಲ ಅರ್ಜಿ ನನ್ನ ಮಗಳದು. ಅಂದಿನಿಂದ ಶಾಲೆ ನೋಡಲು ಬಂದವರನ್ನು ಮಧ್ಯಾಹ್ನದ ಊಟದ ಹೊತ್ತಿಗೇ ಕರೆಯುತ್ತೇನೆ. ನೆಲದ ಮೇಲೆ ಸಾಲಾಗಿ ಕೂತ ನರ್ಸರಿ ಮಕ್ಕಳನ್ನು ತೋರಿಸಿ, ಇವರಲ್ಲಿ ನನ್ನ ಮಗಳು ಯಾರು ಹೇಳಿ ಎನ್ನುತ್ತೇನೆ. ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರ್ಮನ್ನೇ ಹುಡುಕುತ್ತಾರೆ.

ನನ್ನ ಮಗಳನ್ನು ಸೇರಿಸಿದ ಆ ಜೂನಿನಲ್ಲೇ ಅದೇ ತಾಯಿ ತನ್ನ ಕಿರಿಯ ಮಗಳೊಂದಿಗೆ ಬಂದಳು. ಸಾಲನ್ನೆಲ್ಲ ನೋಡಿ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ್ದ ಹುಡುಗಿಯನ್ನು ತೋರಿಸಿದಳು.

"ಅದು ನಮ್ ಅಡುಗೆಯವರ ಮೊಮ್ಮಗಳು ಕಣಮ್ಮ. ನನ್ನವಳು ಆ ಕಡೆ, ಮೈಮೇಲೆಲ್ಲ ಸಾರು ಚೆಲ್ಕೊಂಡವ್ಳೆ ನೋಡಿ."

ಆಕೆ ಇಂಗ್ಲಿಷಿನ ಬಗ್ಗೆ ಕೇಳಲಿಲ್ಲ, ಅರ್ಜಿಯನ್ನೂ ಕೇಳಲಿಲ್ಲ. ಹಿಡಿದಿದ್ದ ಮಗಳ ಕೈಬಿಟ್ಟು, "ಹೋಗವ್ವ, ಆ ಸಾರಿನವ್ಳ ಪಕ್ಕ ಕೂತ್ಕೋ" ಎಂದಳು.