ಮಂಗಳವಾರದ ಸರದಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಭದ್ರಾವತಿಯಲ್ಲಿ ವೆಲ್ಡಿಂಗ್ ಕಲಿತು ಸ್ವಂತ ಶೆಡ್ ಹಾಕಿದೆ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಹೆಂಡತಿಯ ಕಿಡ್ನಿ ಕೆಟ್ಟ ಮೇಲೆ ಶಿವಮೊಗ್ಗದ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರದಲ್ಲಿ ಮಂಗಳವಾರ, ಶುಕ್ರವಾರ ಅವಳಿಗೆ ಸರದಿ ಸಿಕ್ಕಿತ್ತು. ಅವಳು ಜ್ವರ ಬಂದು ಭದ್ರಾವತಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎರಡು ಸರದಿ ತಪ್ಪಿತು.

ಮತ್ತೆ ಹೋದಾಗ ಅವಳ ಹೆಸರು ಕಾಯುವವರ ಪಟ್ಟಿಗೆ ಬಿದ್ದಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಒಳ್ಳೆಯವಳು. "ತಡೀರಿ ಅಣ್ಣ, ಒಂದು ಜಾಗ ಇದೆ, ಹಾಕ್ತೀನಿ" ಎಂದು ಮಂಗಳವಾರಕ್ಕೆ ಹೆಸರು ಟೈಪ್ ಮಾಡಿದಳು. ಸೇವ್ ಆಯಿತೆಂದು ಪರದೆಯ ಮೇಲೆ ಬಂತು. ಮಂಗಳವಾರದ ಪಟ್ಟಿ ತೆರೆದರೆ ಹೆಸರಿಲ್ಲ. ಕಾಯುವವರ ಪಟ್ಟಿಯಲ್ಲೇ ಇದೆ, ಎಲ್ಲರಿಗಿಂತ ಕೆಳಗೆ.

"ಇನ್ನೊಂದ್ಸಲ ಹಾಕಮ್ಮ."

ಹಾಕಿದಳು. ಮತ್ತೆ ಅದೇ.

"ಈ ಪ್ರೋಗ್ರಾಂ ಮಾಡಿಕೊಟ್ಟ ಕಂಪನಿಯೋರು ಇದ್ರಲ್ಲಿ ಒಂದು ರೂಲ್ ಬರೆದಿಟ್ಟು ಹೋಗಿದಾರಣ್ಣ. ಎರಡು ಸಲ ತಪ್ಪಿಸಿದೋರ ಹೆಸರಿಗೆ ನಾನು ಏನು ಆರ್ಡರ್ ಕೊಟ್ರೂ, ಒಳಗೆ ಹೋಗೋಕೆ ಮೊದ್ಲೇ ಆ ಆರ್ಡರನ್ನೇ ಬದಲಾಯಿಸಿಬಿಡುತ್ತೆ. ನಾನು ಮಂಗಳವಾರಕ್ಕೆ ಹಾಕು ಅಂತೀನಿ. ಒಳಗೆ ಹೋಗೋದು, ಕೊನೇಲಿ ಕೂರಿಸು ಅಂತ."

"ಆಗಲ್ಲ ಅಂತಾನಾದ್ರೂ ಹೇಳ್ಬೇಕಲ್ವಾ?"

"ಹೇಳಲ್ಲ. ಹೇಳಿದ ಕೆಲಸ ಮಾಡಿದೀನಿ ಅಂತಾನೇ ಅದರ ಲೆಕ್ಕ."

"ಬರೆದೋನನ್ನ ಕರೆಸಿ."

"ಆ ಕಂಪನಿನೇ ಮುಚ್ಚೋಯ್ತು. ರೂಲ್ ತೆಗೆಯೋ ಪಾಸ್‌ವರ್ಡ್ ಇಲ್ಲಿ ಯಾರತ್ರನೂ ಇಲ್ಲ. ಕಂಪ್ಯೂಟರ್ ಪಟ್ಟೀಲಿ ಹೆಸರಿಲ್ದೆ ಖಾಯಂ ಸರದಿ ಕೊಡೋ ಹಾಗಿಲ್ಲ."

ಆಗಲ್ಲ ಎಂದವರ ಜೊತೆ ಜಗಳವಾಡಿ ಕೆಲಸ ಮಾಡಿಸಿಕೊಂಡೇ ಬದುಕಿದವನು ನಾನು. ಆಯಿತು, ಆಯಿತು ಎನ್ನುತ್ತಲೇ ಇದ್ದ ಪರದೆಯ ಮುಂದೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

"ಬನ್ನಿ ಮಾರಾಯ್ರೆ, ಆ ಹುಡುಗಿ ಏನ್ಮಾಡ್ತಾಳೆ ಪಾಪ" ಎಂದು ಹೆಂಡತಿ ತೋಳು ಹಿಡಿದು ಎಳೆದಳು.

ಈಗ ಶೆಡ್ಡಿಗೆ ಬೀಗ ಹಾಕಿ ದಿನವೂ ಬೆಳಗ್ಗೆ ಅಲ್ಲಿನ ಬೆಂಚಿನ ಮೇಲೆ ಕೂರುತ್ತೇವೆ. ಸರದಿಯವರು ಯಾರಾದರೂ ಬಾರದಿದ್ದರೆ ಆ ಹೊತ್ತಿನ ಮಟ್ಟಿಗೆ ಮಿಷನ್ ಬೆಂಚಿನವರಿಗೆ. ಕೆಲವು ಸಲ ಸಿಕ್ಕಿದೆ. ಸಿಗದೆ ಊರಿಗೆ ಮರಳಿದ್ದೇ ಹೆಚ್ಚು. ಅವಳ ಪಾದ ಊದಿ ಚಪ್ಪಲಿಗೆ ಹೋಗುತ್ತಿಲ್ಲ.

ನಿನ್ನೆ ಆಯನೂರಿನ ಮುದುಕರೊಬ್ಬರು ತಮ್ಮ ಸರದಿಯ ಹೊತ್ತು ಮೀರಿದರೂ ಬಂದಿರಲಿಲ್ಲ. ನರ್ಸ್ ನಮ್ಮತ್ತ ನೋಡಿ, ಏಳಿ ಎಂದು ಸನ್ನೆ ಮಾಡಿದಳು. ಅಷ್ಟರಲ್ಲಿ ಅವರು ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು.

"ಬಸ್ಸು ಕೆಟ್ಟೋಯ್ತು ತಾಯಿ."

"ಬಂದ್ರಲ್ಲ, ಬಿಡಿ ಅಜ್ಜ" ಎಂದು ನನ್ನ ಹೆಂಡತಿ ಅವರ ಚೀಲ ಹಿಡಿದು ಬಾಗಿಲವರೆಗೆ ಬಿಟ್ಟು ಬಂದಳು. ಈ ಮನುಷ್ಯ ಬರಬಾರದಿತ್ತು ಎಂದುಕೊಳ್ಳುತ್ತ ನಾನು ಅವಳಿಗೆ ಕಾಲು ಚಾಚಲು ಜಾಗ ಬಿಟ್ಟೆ.