ಡೋಲಿ ಪೀರಸಾಬನ ಒಂದು ಇಂಗ್ಲಿಷ್ ಮಾತು

“ಅವ್ವಾ, ಪೀರಸಾಬ್ ತಾತಗ ಇಂಗ್ಲೀಷು ಬರ್ತೈತೇನು?”

ಸತ್ಯಮ್ಮ ಇವತ್ತು ಬೆಳಿಗ್ಗೆ ಕೇಳಿದಳು. ಪ್ಲೇಗಿಗೆ ಹೆದರಿ ನಾವು ಬಳ್ಳಾರಿ ಬಿಟ್ಟು ಹಲಕುಂದಿ ದಾರಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಮೇಲೆ ಮಗಳಿಗೆ ಜೊತೆಯಿಲ್ಲ, ದಾರಿ ನೋಡುತ್ತ ಕೂರುತ್ತಾಳೆ. ಆ ದಾರಿಯಲ್ಲೇ ಪೀರಸಾಬ ಹೆಣ ಹೊತ್ತು ಹೋಗುವುದು. ಹೋಗುವಾಗ “ಕ್ಯಾರಿ, ಕ್ಯಾರಿ” ಎಂದು ತನ್ನಷ್ಟಕ್ಕೆ ತಾನೇ ಅನ್ನುತ್ತಾನೆ.

“ಅದೊಂದ ಮಾತು ಬರ್ತೈತವ್ವಾ,” ಎಂದೆ. ಅಂಬಲಿ ಆರುತ್ತಿತ್ತು, ಕುಡಿಸಿದೆ.

ಪೀರಸಾಬ ಸಿರುಗುಪ್ಪದ ಕಡೆಯವನು. ಹರೆಯದಲ್ಲಿ ಗದ್ದೆಯಿಂದ ಕಣಕ್ಕೆ ಭತ್ತದ ಸಿವುಡು ಹೊರುತ್ತಿದ್ದನಂತೆ. ದೊಡ್ಡ ಬರದಲ್ಲಿ ಹೆತ್ತವರು ಹೋದ ಮೇಲೆ ಬಳ್ಳಾರಿಗೆ ಬಂದು ದಂಡಿನ ಆಸ್ಪತ್ರೆಯಲ್ಲಿ ರೋಗಿಗಳ ಡೋಲಿ ಹೊರುವ ಕೆಲಸಕ್ಕೆ ಸೇರಿದ. ಡಾಕ್ಟರ್ ದೊರೆ ಬೆರಳು ತೋರಿಸಿ ಆ ಮಾತು ಅಂದರೆ ಎತ್ತಬೇಕು, ನಡೆಯಬೇಕು. ಉಳಿದ ಇಂಗ್ಲಿಷ್ ಅವನಿಗೆ ಬೇಕಾಗಲಿಲ್ಲ.

ನಮ್ಮವರು ಸಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟರು. ಪ್ಲೇಗಿಗಿಂತ ಮೊದಲು ಪೀರಸಾಬ ನಮ್ಮ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಲು ಕೂರುತ್ತಿದ್ದ. ಒಮ್ಮೆ ಇವರು ಅವನಿಗೆ, “ಕುರ್ಚಿ ಒಯ್ದರೂ ಅದ ಮಾತು, ಕೂಸು ಎತ್ತಿಕೊಂಡರೂ ಅದ, ಹೆಣ ಹೊತ್ತರೂ ಅದ. ಬ್ಯಾನಿ ಒಬ್ಬರಿಂದ ಒಬ್ಬರಿಗೆ ಒಯ್ದರೂ ಅದ,” ಎಂದು ಬಿಡಿಸಿ ಹೇಳಿದರು.

ಪೀರಸಾಬ ಎಲೆ ಉಗುಳಿ ನಕ್ಕ. “ಥೂ, ಎಂಥ ಮಂದಿರೀ ಮೇಷ್ಟ್ರ! ಕೂಸಿಗೂ ಹೆಣಕ್ಕೂ ಒಂದ ಮಾತು? ಮಾತಿಗೂ ಬರ ಬಂದೈತೇನು ಅವರೂರಾಗ?”

ಆಮೇಲೆ ಪ್ಲೇಗು ಬಂತು. ಪೀರಸಾಬನ ಮಂದಿಯಲ್ಲಿ ಸತ್ತವರಿಗೆ ಕೂಲಿಯವರು ಹೆಗಲು ಕೊಡುವುದಿಲ್ಲ. ನೆಂಟರು, ನೆರೆಯವರು, ದಾರಿಯಲ್ಲಿ ಸಿಕ್ಕವರೂ ಸರದಿಯ ಮೇಲೆ ನಾಲ್ಕು ಹೆಜ್ಜೆ ಹೊರುತ್ತಾರೆ. ಈಗ ಯಾರೂ ಬಾಗಿಲು ತೆರೆಯಲಿಲ್ಲ. ಸರಕಾರದವರು ಪೀರಸಾಬನನ್ನೂ ಅವನ ಜೊತೆ ಡೋಲಿ ಹೊರುತ್ತಿದ್ದ ಪಾಲಯ್ಯನನ್ನೂ ಕೂಲಿಗೆ ಹಿಡಿದರು. ಯಾವ ಜಾತಿಯ ಹೆಣವಾದರೂ ಅವರಿಬ್ಬರೇ.

“ಅದ್ಯಾಕ ಕಾಕಾ ಆ ಮಾತು ಅಂತೀರಿ?” ಎಂದು ನಾನೇ ಒಂದು ದಿನ ಬೇಲಿಯಾಚೆ ಅವನನ್ನು ನಿಲ್ಲಿಸಿ ಕೇಳಿದ್ದೆ.

“ಹೆಗಲು ಕೊಡೂದು ಅಂದ್ರ ಅಳು ಬರ್ತೈತಿ ತಾಯಿ. ಅಳಕೋಂತ ಎಷ್ಟು ಮಂದೀನ ಹೊರೂದು? ಸಾಹೇಬ್ರ ಮಾತು ಅಂದ್ರ ಬರೇ ಕೆಲಸ ಆಗ್ತೈತಿ.”

ಕಳೆದ ವಾರ ಪಾಲಯ್ಯನೂ ತೀರಿಕೊಂಡ. ಅವನನ್ನು ಹೊತ್ತ ದಿನ ಪೀರಸಾಬನ ಬಾಯಿಂದ ಆ ಮಾತು ಬರಲಿಲ್ಲ.

ಪೀರಸಾಬನಿಗಿರುವುದು ಒಬ್ಬಳೇ ಮಗಳು, ಕುಲ್ಸುಂಬೀ. ಕುರುಗೋಡಿಗೆ ಕೊಟ್ಟಿದ್ದಾನೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾಗಿದ್ದವಳು ಪ್ಲೇಗಿನಿಂದಾಗಿ ಬರಲಾಗದೆ ಗಂಡನ ಮನೆಯಲ್ಲೇ ಹಡೆದಳು. ಹೆಣ್ಣುಕೂಸು. ಸುದ್ದಿ ಕೇಳಿ ಇವನು ಬೂದಿ ಹಾಕಿ ಮೈ ತಿಕ್ಕಿಕೊಂಡು, ಒಗೆದ ಅಂಗಿ ತೊಟ್ಟು, ನಡೆದೇ ಹೋದ. ಕುರುಗೋಡಿನವರು ಊರ ಬಾಯಿಗೆ ಜಾಲಿಮುಳ್ಳು ಬಡಿದಿದ್ದರು. ಮುಳ್ಳಿನಾಚೆ ಬಂದು ನಿಂತವನು ಅವನ ಬೀಗ ಇಮಾಮಸಾಬ.

“ಬೀಗರ, ಅಲ್ಲೇ ನಿಂದರ್ರಿ. ನಿಮ್ಮ ಕೈ ಹೆಣ ಮುಟ್ಟಿದ ಕೈ.”

“ತೊಳಕೊಂಡು ಬಂದೀನಿ.”

“ಪಿಳೇಗು ನೀರಿಗೆ ಹೋಗ್ತೈತೇನು? ಕೂಸಿನ ಮಕ ನೋಡಿ ಮಾತಾಡ್ರಿ.”

“ಮಕಾ ತೋರಿಸಿದ್ರಲ್ಲ ನೋಡೂದು!” ಎಂದನಂತೆ ಇವನು. ಯಾರೂ ನಗಲಿಲ್ಲ. ದೂರದ ಓಣಿಯ ತಿರುವಿನಲ್ಲಿ ಕುಲ್ಸುಂಬೀ ಒಂದು ಬಟ್ಟೆಯ ಗಂಟನ್ನು ಎತ್ತಿ ಹಿಡಿದಳು. ಅತ್ತೆ ಅವಳ ರಟ್ಟೆ ಹಿಡಿದು ಒಳಗೆಳೆದಳು. ಇವನು ತಿರುಗಿ ಬಂದ.

ಇಮಾಮಸಾಬನನ್ನು ನಾನು ಬೈಯಲಾರೆ. ನಾನೂ ಸತ್ಯಮ್ಮನನ್ನು ಬೇಲಿ ದಾಟಲು ಬಿಡುವುದಿಲ್ಲ.

ನನ್ನ ತವರು ಅದೇ ಕುರುಗೋಡು. ಅವ್ವನಿಗೆ ಕಣ್ಣು ಮಂಜಾಗಿದೆ, ನೋಡಿಕೊಳ್ಳುವವರಿಲ್ಲ. ಗುಡಿಸಲಿನಲ್ಲಿ ಇಷ್ಟು ದಿನ ನೆಟ್ಟಗಿದ್ದೇನೆಂದು ಡಾಕ್ಟರು ನೋಡಿ ಊರೊಳಗೆ ಬಿಡಲು ಚೀಟಿ ಕೊಟ್ಟಿದ್ದಾರೆ, ನಾಳೆ ಹೊರಡಬೇಕು. ಅದು ಪೀರಸಾಬನ ಕಿವಿಗೂ ಬಿದ್ದಿದೆ. ಸಂಜೆ ಬಂದು, ಗಾಳಿ ನಮ್ಮ ಕಡೆ ಬೀಸದ ಹಾಗೆ ನೋಡಿಕೊಂಡು, ಬೇಲಿಗೆ ಬಹಳ ದೂರ ನಿಂತ. ಕಣ್ಣು ಕೆಂಪಗಿದ್ದವು. ಜ್ವರವೋ, ಸುಡುಗಾಡಿನ ಹೊಗೆಯೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

“ಕೂಸಿಗೆ ಏನರ ಕೊಡ್ತೀರೇನು ಕಾಕಾ? ಕುಲಾಯಿ, ಬಟ್ಟಿ? ಕುದಿಯೋ ನೀರಾಗ ಹಾಕಿ ಒಣಗಿಸಿ ಒಯ್ತೀನಿ.”

“ಬ್ಯಾಡ ತಾಯಿ. ನನ್ನ ಕೈಯಿಂದ ಆ ಮನಿಗೆ ಏನೂ ಹೋಗೂದು ಬ್ಯಾಡ.”

ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

“ನೀವ ಒಂದು ಸಲ ಎತ್ತಿಕೊಳ್ರಿ. ಎದಿಗೆ ಹಚ್ಚಿ, ಚೆಂದಂಗ. ಎಷ್ಟು ಭಾರ ಅದಾಳಂತ ಬಂದು ನನಗ ಹೇಳ್ರಿ. ಸ್ವಲ್ಪ ಲಗೂನ ಬರ್ರಿ.”